ಅರಬ್ಬಿ ಧಾತುಗಳನ್ನು ಬಾಯಿಪಾಠ ಮಾಡಿದರೆ ಪದಗಳ ಅರ್ಥ ತಾನಾಗಿ ಗೊತ್ತಾಗುತ್ತಾ?

ಮೂರಕ್ಷರದ ಧಾತುಗಳ, ಅಂದರೆ ಅರಬ್ಬಿ ಪದಗಳು ಹುಟ್ಟುವ ಮೂಲ ಅಕ್ಷರಗಳ, ಪಟ್ಟಿ ಉರು ಹೊಡೆಯುತ್ತಿದ್ದೇನೆ ಅಂದಿದ್ದೀರಿ. ನಾನೂ ಹಾಗೇ ಶುರು ಮಾಡಿದವನು. ದಯವಿಟ್ಟು ಆ ಪಟ್ಟಿ ಪಕ್ಕಕ್ಕಿಡಿ.

ಮಸ್ಕತ್‌ನಲ್ಲಿ ಕಟ್ಟಡ ಸಾಮಾನು ಮಾರುವ ಕಂಪನಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಅರಬ್ಬಿ ಮಾತು ಬರುತ್ತಿತ್ತು, ಓದು ಆಗಷ್ಟೇ ಕಲಿಯುತ್ತಿದ್ದೆ. ಐನ್-ಮೀಮ್-ಲಾಮ್ ಅನ್ನುವ ಮೂರು ಅಕ್ಷರಗಳ ಧಾತು ಅಂದರೆ ಕೆಲಸ ಅಂತ ತಲೆಯಲ್ಲಿ ಕೂತಿತ್ತು. ಅಮಲ್ ಅಂದರೆ ಕೆಲಸ, ಆಮಿಲ್ ಅಂದರೆ ಕೆಲಸಗಾರ. ಆಗ ದಲ್ಲಾಳಿಯೊಬ್ಬರಿಂದ ಒಪ್ಪಂದದ ಕಾಗದ ಬಂತು. 'ಉಮೂಲಾ' ಮಾಲು ಕೊಡುವವರ, ಅಂದರೆ ನಮ್ಮ, ಮೇಲೆ ಅಂತ ಅದರಲ್ಲೊಂದು ಸಾಲು. ಕೆಲಸದ ಧಾತು ಅಲ್ವಾ, ಮಾಲು ಇಳಿಸುವ ಕೂಲಿ ಇರಬೇಕು ಅಂದುಕೊಂಡೆ. ಕೂಲಿ ಹೇಗೂ ನಮ್ಮ ದರದಲ್ಲೇ ಸೇರಿದೆ ಅಂತ ಮ್ಯಾನೇಜರ್‌ಗೆ ಹೇಳಿದೆ. ಸಹಿ ಆಯಿತು.

ಉಮೂಲಾ ಅಂದರೆ ಕಮಿಷನ್. ಬಿಲ್ ಪಾವತಿ ಮಾಡುವಾಗ ಅದನ್ನು ಮುರಿದುಕೊಂಡೇ ಕೊಟ್ಟರು. ಆ ವ್ಯವಹಾರದ ಲಾಭ ಪೂರ್ತಿ ಹೋಯಿತು. ನನ್ನನ್ನು ಪತ್ರವ್ಯವಹಾರದಿಂದ ತೆಗೆದು ಗೋದಾಮಿಗೆ ಹಾಕಿದರು.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಐನ್, ಮೀಮ್, ಲಾಮ್, ಕೊನೆಗೆ ತಾ ಬರೆದರೆ 'ಉಮ್ಲಾ', ಅಂದರೆ ಕರೆನ್ಸಿ. ಮೀಮ್ ಆದ ಮೇಲೆ ಅಲಿಫ್ ಸೇರಿದರೆ 'ಅಮಾಲಾ', ಕಾರ್ಮಿಕರು. ಅದೇ ಜಾಗದಲ್ಲಿ ವಾವ್ ಬಂದರೆ ಉಮೂಲಾ. ಹ್ರಸ್ವ ಸ್ವರದ ಗುರುತುಗಳನ್ನು ವ್ಯವಹಾರದ ಕಾಗದದಲ್ಲಿ ಹಾಕುವುದಿಲ್ಲ, ನಿಜ. ಆದರೆ ದೀರ್ಘ 'ಊ' ಸ್ವರದ ಈ ವಾವ್ ಅಕ್ಷರ ಕಾಗದದ ಮೇಲೆ ಎದ್ದು ಕಾಣುತ್ತಿತ್ತು. ಧಾತು ಸಿಕ್ಕಿತು ಅನ್ನುವ ಖುಷಿಯಲ್ಲಿ ಮಿಕ್ಕಿದ್ದನ್ನು ಓದಲೇ ಇಲ್ಲ. ಧಾತುವಿನ ಅರ್ಥ ಬಾಯಿಗೆ ಬಂದಿದ್ದೇ ನನ್ನನ್ನು ಕೆಡಿಸಿತು. ಅದು ಗೊತ್ತಿಲ್ಲದಿದ್ದರೆ ಯಾರನ್ನಾದರೂ ಕೇಳುತ್ತಿದ್ದೆ.

ಅರ್ಥ ಊಹಿಸಬಹುದು ಅನ್ನುವ ನಿಮ್ಮ ನಂಬಿಕೆಯೇ ಸರಿಯಿಲ್ಲ. ನಮ್ಮ ಕನ್ನಡದಲ್ಲೇ ನೋಡಿ. ಅಮಲ್ದಾರ, ಮಾಮೂಲು, ಹೆಂಡದ ಅಮಲು, ಮೂರೂ ಇದೇ ಧಾತುವಿನಿಂದ ಬಂದವು. 'ಕೆಲಸ' ಅನ್ನುವುದೊಂದೇ ಗೊತ್ತಿದ್ದವನು ಮಾಮೂಲು ವಸೂಲಿ ಅಂದರೆ ಏನು ಅಂತ ಊಹಿಸಲು ಸಾಧ್ಯವಾ? ಅರಬರಲ್ಲಿ 'ಮಅಮೂಲ್' ಅಂದರೆ ಖರ್ಜೂರ ತುಂಬಿದ ಹಬ್ಬದ ಬಿಸ್ಕತ್ತು ಕೂಡ ಹೌದು. ದಾದ್-ರಾ-ಬಾ ಅಂದರೆ ಹೊಡೆಯುವುದು. ಅದರಿಂದಲೇ 'ದರೀಬಾ' ತೆರಿಗೆ, 'ಇದ್ರಾಬ್' ಮುಷ್ಕರ.

ಧಾತು ಬೇಕಾಗುವುದು ನಿಘಂಟು ತೆರೆಯಲು. ಹಾನ್ಸ್ ವೇರ್ ಅವರ ಅರಬ್ಬಿ ನಿಘಂಟಿನಲ್ಲಿ ಪದಗಳು ಧಾತುವಿನ ಕೆಳಗೆ ಇರುತ್ತವೆ. 'ಇಸ್ತಿಅಮಾಲ್', ಅಂದರೆ ಬಳಕೆ, ಅಲಿಫ್‌ನಲ್ಲಿ ಸಿಗಲ್ಲ, ಐನ್‌ಗೆ ಹೋಗಬೇಕು. ಅಲ್ಲಿಗೆ ಹೋದ ಮೇಲೆ ಸುಮ್ನೆ ಮೊದಲ ಅರ್ಥ ನೋಡಿ ಮುಚ್ಚಬೇಡಿ. ಪದದ ಅಚ್ಚು ಯಾವುದು, ಅಂದರೆ ಮಾಡುವವನನ್ನು ಹೇಳುವ 'ಫಾಇಲ್' ಮಾದರಿಯೋ (ಆಮಿಲ್‌ನಂತೆ) ಮಾಡಲ್ಪಟ್ಟದ್ದನ್ನು ಹೇಳುವ 'ಮಫ್ಊಲ್' ಮಾದರಿಯೋ (ಮಅಮೂಲ್‌ನಂತೆ) ನೋಡಿ, ಪದವನ್ನು ಒಂದು ಪೂರ್ತಿ ವಾಕ್ಯದ ಜೊತೆ ಬರೆದುಕೊಳ್ಳಿ. 'ಅಮೀಲ್'ನಿಂದಲೇ ಶುರು ಮಾಡಿ. ಬ್ಯಾಂಕಿನಲ್ಲಿ ಅದು ಗ್ರಾಹಕ, ಪತ್ರಿಕೆಯ ರಾಜಕೀಯ ಸುದ್ದಿಯಲ್ಲಿ ಬಹಳ ಸಲ ಶತ್ರುದೇಶದ ಏಜೆಂಟ್. ಎರಡಕ್ಕೂ ಒಂದೊಂದು ವಾಕ್ಯ ಬರೆದಿಡಿ.