ಥೈರಾಯ್ಡ್ ಮಾತ್ರೆ ನುಂಗಿದ ಕೂಡಲೇ ಕಾಫಿ ಕುಡಿಯಬಹುದೇ?

ಬೇಡ. ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ತಡೆಯಿರಿ. ಥೈರಾಯ್ಡ್ ಹಾರ್ಮೋನು ಕಡಿಮೆಯಾದವರಿಗೆ ಕೊಡುವ ಈ ಥೈರಾಕ್ಸಿನ್ ಬಲು ನಾಜೂಕಿನ ಮಾತ್ರೆ. ಖಾಲಿ ಹೊಟ್ಟೆಗೆ ಬರೀ ನೀರಿನೊಂದಿಗೆ ಹೋದರೆ ಕರುಳು ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಕಾಫಿಯಿಲ್ಲದೆ ಬೆಳಗಾಗುವುದೇ ಇಲ್ಲ ಎನ್ನುವವರು (ನಾನೂ ಆ ಪೈಕಿಯೇ) ವೈದ್ಯರನ್ನು ಕೇಳಿ ರಾತ್ರಿ ಮಲಗುವಾಗ ತೆಗೆದುಕೊಳ್ಳಬಹುದು. ಊಟವಾಗಿ 3 ಗಂಟೆಯಾದರೂ ಕಳೆದಿರಬೇಕು, ಅಷ್ಟೆ.

ಕಾಫಿಯಷ್ಟೇ ಕಾಟ ಕೊಡುವವು ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು. ಅವಕ್ಕೂ ಇದಕ್ಕೂ 4 ಗಂಟೆ ಅಂತರವಿರಲಿ. ಮೂರನ್ನೂ ಒಂದೇ ಗುಟುಕಿಗೆ ನುಂಗಿ, ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ರಕ್ತದಲ್ಲಿ ಏರುವ ಅಂಶ) ಇಳಿಯುತ್ತಲೇ ಇಲ್ಲ ಎಂದು ಡೋಸ್ ಏರಿಸಿಕೊಳ್ಳುವವರಿದ್ದಾರೆ.

ಸುಸ್ತು, ಮಲಬದ್ಧತೆ, ಚಳಿ ಎರಡು ದಿನದಲ್ಲಿ ಹೋಗುವುದಿಲ್ಲ. ಔಷಧದ ಅರ್ಧ ಭಾಗ ದೇಹದಿಂದ ಕರಗಲು ಸುಮಾರು 7 ದಿನ ಬೇಕು. ಅದಕ್ಕೇ ಡೋಸ್ ಬದಲಾದ 6ರಿಂದ 8 ವಾರಕ್ಕೆ ಮತ್ತೆ ರಕ್ತಪರೀಕ್ಷೆ. ಒಂದು ದಿನ ಮರೆತರೆ ಗಾಬರಿ ಬೇಡ. ಆದರೆ ‘ನಾರ್ಮಲ್ ಬಂತಲ್ಲ’ ಎಂದು ನೀವಾಗಿಯೇ ನಿಲ್ಲಿಸಬೇಡಿ. ನಾರ್ಮಲ್ ಬಂದದ್ದು ಮಾತ್ರೆಯಿಂದಲೇ. ಗರ್ಭಿಣಿಯೆಂದು ತಿಳಿದ ಕೂಡಲೇ ವೈದ್ಯರಿಗೆ ಹೇಳಿ, ಡೋಸ್ ಸಾಮಾನ್ಯವಾಗಿ ಹೆಚ್ಚಿಸಬೇಕಾಗುತ್ತದೆ.

ಅಂದಹಾಗೆ, ಥೈರಾಯ್ಡ್‌ಗೆ ಆಗದು ಎಂದು ಹೆದರಿ ಎಲೆಕೋಸಿನ ಪಲ್ಯ ಬಿಡಬೇಕಿಲ್ಲ. ಬೇಯಿಸಿ, ಹಿತಮಿತವಾಗಿ ತಿನ್ನಿ.