ಉಪ್ಪಿನಿಂದ ಶುರು ಮಾಡಿ

ನಮಸ್ಕಾರ.

ನೀವು ಕಳಿಸಿದ ‘ಸಾಲ್ಜ್‌ಬರ್ಗಿನ ರಾಜಗುರು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ನಿಮಗೆ ಸಿಕ್ಕಿರುವ ವಿಷಯ ಅಷ್ಟು ಚೆನ್ನಾಗಿದೆ. ಅದಕ್ಕೇ ಇಷ್ಟುದ್ದದ ಪತ್ರ.

ಆಸ್ಟ್ರಿಯಾ ಪ್ರವಾಸದಲ್ಲಿ ಸಾಲ್ಜ್‌ಬರ್ಗ್ ನಗರದ ಮಿರಾಬೆಲ್ ಅರಮನೆ ನೋಡಿ, ಅದನ್ನು ಮೊದಲು ಕಟ್ಟಿಸಿದವನು ಯಾರು ಎಂದು ಹುಡುಕುತ್ತಾ ಹೋಗಿ, ವೋಲ್ಫ್ ಡೀಟ್ರಿಶ್‌ನ ಜೀವನ ಬರೆದಿದ್ದೀರಿ. 1559ರಲ್ಲಿ ಹುಟ್ಟಿದ್ದು, ರೋಮ್‌ನಲ್ಲಿ ಓದಿದ್ದು, 1587ರಲ್ಲಿ ಸಾಲ್ಜ್‌ಬರ್ಗಿನ ಆರ್ಚ್‌ಬಿಷಪ್ ಆದದ್ದು, 1612ರಲ್ಲಿ ಪದವಿ ಬಿಟ್ಟದ್ದು, 1617ರಲ್ಲಿ ಸೆರೆಯಲ್ಲೇ ಸತ್ತದ್ದು ಎಲ್ಲ ಇದೆ. ಇಸವಿಗಳು ಸರಿಯಾಗಿವೆ. ಆದರೂ ಓದಿ ಮುಗಿಸಿದ ಮೇಲೆ ನನಗೆ ಒಂದು ವಿಷಯ ತಿಳಿಯಲಿಲ್ಲ. ಒಬ್ಬ ಬಿಷಪ್ಪನಿಗೆ ಸೈನ್ಯ ಯಾಕಿತ್ತು? ನಮ್ಮ ಓದುಗರು ಕೇಳುವ ಮೊದಲ ಪ್ರಶ್ನೆ ಇದೇ ಅಲ್ವಾ?

‘ರಾಜಗುರು’ ಎಂಬ ಮಾತನ್ನು ಮೊದಲು ತೆಗೆದುಬಿಡಿ. ಕನ್ನಡದಲ್ಲಿ ರಾಜಗುರು ಅಂದರೆ ರಾಜನ ಪಕ್ಕ ಕೂತು ಬುದ್ಧಿ ಹೇಳುವವರು. ಸಾಲ್ಜ್‌ಬರ್ಗಿನಲ್ಲಿ ಪಕ್ಕದ ಕುರ್ಚಿಯೇ ಇರಲಿಲ್ಲ. ಚರ್ಚಿನಲ್ಲಿ ಪೂಜೆ ನಡೆಸುವವನೂ ಆರ್ಚ್‌ಬಿಷಪ್ಪನೇ, ತೆರಿಗೆ ಹಾಕುವವನೂ ಅವನೇ. ಜರ್ಮನ್ ನಾಡುಗಳನ್ನು ಒಳಗೊಂಡಿದ್ದ ಆಗಿನ ಪವಿತ್ರ ರೋಮನ್ ಸಾಮ್ರಾಜ್ಯದೊಳಗೆ ಇಂಥ ಬಿಷಪ್ ರಾಜ್ಯಗಳು ಹಲವಾರು ಇದ್ದವು. ಅಪ್ಪನಿಂದ ಮಗನಿಗೆ ಪಟ್ಟ ಬರುವಂತಿರಲಿಲ್ಲ. ಕ್ಯಾಥೆಡ್ರಲ್‌ನ ಹಿರಿಯ ಪಾದ್ರಿಗಳ ಮಂಡಳಿ ಆರಿಸಬೇಕು, ಪೋಪ್ ಒಪ್ಪಬೇಕು, ಆಳುವ ಹಕ್ಕನ್ನು ಚಕ್ರವರ್ತಿ ಕೊಡಬೇಕು. ಸಾಲ್ಜ್‌ಬರ್ಗಿನಲ್ಲಿ ಈ ಪದ್ಧತಿ 1803ರವರೆಗೂ ನಡೆಯಿತು. ‘ದೊರೆ-ಬಿಷಪ್’ ಎಂದು ಬರೆಯಿರಿ, ಒಂದು ಪ್ಯಾರಾದಲ್ಲಿ ಇದನ್ನು ಬಿಡಿಸಿ ಹೇಳಿ. ವೋಲ್ಫ್ ಡೀಟ್ರಿಶ್‌ನ ಅಜ್ಜಿ, ಅಂದರೆ ತಾಯಿಯ ತಾಯಿ, ಪೋಪ್ ನಾಲ್ಕನೇ ಪಿಯುಸ್‌ನ ತಂಗಿ. ಈ ಸಂಬಂಧವನ್ನು ನೀವು ಆವರಣದೊಳಗೆ ಹಾಕಿದ್ದೀರಿ. ಇಪ್ಪತ್ತೆಂಟು ತುಂಬುವ ಮೊದಲೇ ಒಬ್ಬ ಹುಡುಗ ಆ ಕುರ್ಚಿಗೆ ಏರಿದ್ದು ಹೇಗೆ ಎಂದು ಓದುಗ ಯೋಚಿಸುತ್ತಾನೆ. ಅದನ್ನು ಆವರಣದಿಂದ ಹೊರಗೆ ತನ್ನಿ.

ಈಗ ಉಪ್ಪು. ಹನ್ನೊಂದನೇ ಪುಟದಲ್ಲಿ ‘ಉಪ್ಪಿನ ವಿಚಾರವಾಗಿ ಬವೇರಿಯಾ ಜೊತೆ ಮನಸ್ತಾಪ ಉಂಟಾಗಿ ಅವರು ಅಧಿಕಾರ ಕಳೆದುಕೊಂಡರು’ ಎಂದು ಒಂದೇ ಸಾಲು ಬರೆದು ಮುಂದಕ್ಕೆ ಹೋಗಿದ್ದೀರಿ. ಅಲ್ಲಿ ನಾನು ಪೆನ್ನು ಕೆಳಗಿಟ್ಟೆ. ನಿಮ್ಮ ಲೇಖನದ ಜೀವ ಅಲ್ಲಿದೆ! ಊರಿನ ಹೆಸರಿನ ಅರ್ಥವೇ ಉಪ್ಪಿನ ಕೋಟೆ. ಊರಿನ ದಕ್ಷಿಣಕ್ಕೆ ಹಾಲೈನ್ ಪಟ್ಟಣ, ಅದರ ಮೇಲೆ ಡ್ಯುರ್ನ್‌ಬೆರ್ಗ್ ಬೆಟ್ಟ. ಬೆಟ್ಟದೊಳಗೆ ಕೊರೆದ ಗುಹೆಗಳಿಗೆ ಸಿಹಿನೀರು ಬಿಡುತ್ತಿದ್ದರು. ನೀರು ಉಪ್ಪನ್ನು ಕರಗಿಸಿಕೊಳ್ಳುತ್ತಿತ್ತು. ಆ ಉಪ್ಪುನೀರನ್ನು ಕೊಳವೆಯಲ್ಲಿ ಕೆಳಕ್ಕೆ ತಂದು, ದೊಡ್ಡ ದೊಡ್ಡ ಕಬ್ಬಿಣದ ಬಾಣಲೆಗಳಲ್ಲಿ ಸೌದೆ ಉರಿಸಿ ಕುದಿಸಿ, ಉಪ್ಪು ತೆಗೆದು, ಸಾಲ್ಜಾಕ್ ಹೊಳೆಯ ದೋಣಿಗಳಿಗೆ ತುಂಬುತ್ತಿದ್ದರು. ವೋಲ್ಫ್ ಡೀಟ್ರಿಶ್ ಎಬ್ಬಿಸಿದ ಅರಮನೆಗಳು, ಚೌಕಗಳು, ಕುದುರೆಲಾಯ, ಇವಕ್ಕೆಲ್ಲ ಬೇಕಾದ ದುಡ್ಡಿನ ದೊಡ್ಡ ಪಾಲು ಆ ಬಾಣಲೆಗಳಿಂದಲೇ ಬಂತು.

ಆದರೆ ದೋಣಿಗಳು ಸಾಗುವ ದಾರಿ ನೆರೆಯ ಜರ್ಮನ್ ರಾಜ್ಯ ಬವೇರಿಯಾದ ಡ್ಯೂಕ್ ಮ್ಯಾಕ್ಸಿಮಿಲಿಯನ್‌ನ ನಾಡಿನಲ್ಲಿತ್ತು. ಪಕ್ಕದ ಬೆರ್ಖ್‌ಟೆಸ್‌ಗಾಡೆನ್‌ನಲ್ಲೂ ಉಪ್ಪಿನ ಗಣಿ ಇತ್ತು. ಅದೂ ಚರ್ಚಿನವರೇ ಆಳುತ್ತಿದ್ದ ಸಣ್ಣ ರಾಜ್ಯ, ಆದರೆ ಅದರ ಮುಖ್ಯಸ್ಥ ಮ್ಯಾಕ್ಸಿಮಿಲಿಯನ್‌ನ ಸ್ವಂತ ತಮ್ಮ. 1609ರಲ್ಲಿ ಮ್ಯಾಕ್ಸಿಮಿಲಿಯನ್ ಕ್ಯಾಥೊಲಿಕ್ ದೊರೆಗಳನ್ನೆಲ್ಲ ಸೇರಿಸಿ ಒಂದು ಕೂಟ ಕಟ್ಟಿದಾಗ ನಮ್ಮ ಆರ್ಚ್‌ಬಿಷಪ್ ಸೇರಲಿಲ್ಲ. ಇದನ್ನು ನೀವು ಹೇಳಲೇ ಇಲ್ಲ. ಹೇಳಲೇಬೇಕು. 1611ರ ಅಕ್ಟೋಬರ್‌ನಲ್ಲಿ ಅವನು ಸೈನಿಕರನ್ನು ಕಳಿಸಿ ಬೆರ್ಖ್‌ಟೆಸ್‌ಗಾಡೆನ್ ಹಿಡಿದಾಗ, ಅವನ ಬೆನ್ನಿಗೆ ನಿಲ್ಲುವವರು ಯಾರೂ ಉಳಿದಿರಲಿಲ್ಲ. ಬವೇರಿಯಾದ ಸೈನ್ಯ ಬಂತು. ಅವನು ದಕ್ಷಿಣಕ್ಕೆ ಓಡಿದ. ಅದೇ ತಿಂಗಳು ಮುಗಿಯುವ ಮೊದಲೇ ಕಾರಿಂಥಿಯಾದಲ್ಲಿ ಸಿಕ್ಕಿಬಿದ್ದ. ಇಪ್ಪತ್ತನಾಲ್ಕು ವರ್ಷದ ಆಳ್ವಿಕೆ ಕೆಲವೇ ವಾರಗಳಲ್ಲಿ ಮುಗಿಯಿತು. ಒಬ್ಬ ಕ್ಯಾಥೊಲಿಕ್ ಆರ್ಚ್‌ಬಿಷಪ್ಪನನ್ನು ಕೆಡವಿದ್ದು ಕ್ಯಾಥೊಲಿಕ್ ದೊರೆಯೇ, ಅದೂ ಉಪ್ಪಿಗಾಗಿ. ಎರಡು ಅಧಿಕಾರ ಒಂದೇ ಕೈಯಲ್ಲಿದ್ದರೆ ಏನಾಗುತ್ತದೆ ಎನ್ನುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಲೇಖನ ಹಾಲೈನ್‌ನ ಬಾಣಲೆಯ ಹೊಗೆಯಿಂದ ಶುರುವಾಗಲಿ. ಹುಟ್ಟು, ಓದು, ಮನೆತನ ಆಮೇಲೆ ಬರಲಿ.

ಕ್ಯಾಥೆಡ್ರಲ್ ಬೆಂಕಿಯ ಭಾಗವೂ ಅವಸರದ್ದು. 1598ರಲ್ಲಿ ಹಳೆಯ ಕ್ಯಾಥೆಡ್ರಲ್‌ಗೆ ಬೆಂಕಿ ಬಿತ್ತು. ರಿಪೇರಿ ಮಾಡಿಸುವ ಬದಲು ಅವನು ಅದನ್ನು ಕೆಡವಿಸಿದ. ಸುತ್ತಲಿನ ಮನೆಗಳೂ ಹೋದವು, ಸ್ಮಶಾನವೂ ಹೋಯಿತು. ಇದನ್ನು ನೀವು ‘ನಗರಾಭಿವೃದ್ಧಿ’ ಎಂದು ಕರೆದಿದ್ದೀರಿ. ಅಪ್ಪ-ಅಮ್ಮನ ಗೋರಿ ಅಗೆದುಹಾಕಿದ್ದನ್ನು ನೋಡಿದ ಊರಿನವರು ಆ ಮಾತನ್ನು ಒಪ್ಪುತ್ತಿದ್ದರೇ? ವೆನಿಸ್‌ನ ಸ್ಕಮೋಜ್ಜಿಯಿಂದ ಭಾರಿ ನಕ್ಷೆ ಬರೆಸಿದ, ಆದರೆ ಹೊಸ ಕ್ಯಾಥೆಡ್ರಲ್ ಎದ್ದು ನಿಂತದ್ದನ್ನು ಅವನು ನೋಡಲೇ ಇಲ್ಲ. ಅದು ಪೂಜೆಗೆ ತೆರೆದದ್ದು 1628ರಲ್ಲಿ.

ಒಂದು ದೊಡ್ಡ ತಪ್ಪು ನುಸುಳಿದೆ. ಸಂಗೀತಗಾರ ಮೊಜಾರ್ಟ್‌ನನ್ನು ಕೆಲಸದಿಂದ ಕಳಿಸಿದ್ದು ಇವನೇ ಎಂದು ಬರೆದಿದ್ದೀರಿ. ಅದು ಕೊಲೊರೆಡೊ ಎಂಬ ಆರ್ಚ್‌ಬಿಷಪ್, 1781ರಲ್ಲಿ. ಹಾಗೆಯೇ ಈಗಿನ ಮಿರಾಬೆಲ್ ಕಟ್ಟಡವನ್ನು ವರ್ಣಿಸಿ ‘ಅವರ ಕನಸಿನ ಅರಮನೆ’ ಅಂದಿದ್ದೀರಿ. 1606ರಲ್ಲಿ ವೋಲ್ಫ್ ಡೀಟ್ರಿಶ್ ಕಟ್ಟಿಸಿದ್ದು ಹದಿನೆಂಟನೇ ಶತಮಾನದಲ್ಲಿ ಪೂರ್ತಿ ಬದಲಾಯಿತು, 1818ರ ಬೆಂಕಿಯ ನಂತರ ಮತ್ತೊಮ್ಮೆ ಬದಲಾಯಿತು. ಹೆಸರೂ ಅವನು ಇಟ್ಟದ್ದಲ್ಲ. ಅವನು ಕರೆದದ್ದು ಆಲ್ಟೆನಾವ್ ಎಂದು.

ನಿಮ್ಮ ಭಾಷೆಯಲ್ಲಿ ಒಂದು ಕುತೂಹಲದ ಸಂಗತಿ ಕಂಡಿತು. ಅಧಿಕಾರದಲ್ಲಿ ಇರುವಷ್ಟು ದಿನ ಅವನನ್ನು ‘ಅವರು’ ಅಂದಿದ್ದೀರಿ. ಹೋಹೆನ್‌ಸಾಲ್ಜ್‌ಬರ್ಗ್ ಕೋಟೆಯ ಸೆರೆಗೆ ಹಾಕಿದ ಕೂಡಲೇ ‘ಅವನು’ ಬಂತು. ಬಹುಶಃ ಗೊತ್ತಿಲ್ಲದೆ ಆಗಿರಬೇಕು. ಯಾವುದಾದರೂ ಒಂದನ್ನು ಹಿಡಿಯಿರಿ. ನಾನಾದರೆ ರಾಜರಿಗೆ ಬರೆಯುವ ಹಾಗೆ ಕೊನೆಯವರೆಗೂ ‘ಅವನು’ ಅಂತಲೇ ಬರೆಯುತ್ತೇನೆ.

ಕೊನೆಗೆ ಸಲೋಮೆ ಆಲ್ಟ್. ಊರಿನ ವ್ಯಾಪಾರಿಯ ಮಗಳು. ಮದುವೆಯಾಗುವಂತಿಲ್ಲದ ಒಬ್ಬ ಆರ್ಚ್‌ಬಿಷಪ್ಪನ ಜೊತೆ ಬಾಳಿ ಹದಿನೈದು ಮಕ್ಕಳನ್ನು ಹೆತ್ತವಳು. ನೀವು ಅವಳನ್ನು ‘ಪ್ರೇಯಸಿ’ ಎಂಬ ಒಂದೇ ಪದದಲ್ಲಿ ಮುಗಿಸಿದ್ದೀರಿ. ಇದು ನನಗೆ ಬೇಸರ ತಂದಿತು. 1588ರಲ್ಲಿ ಇದೇ ದೊರೆ ಪ್ರಾಟೆಸ್ಟಂಟರಿಗೆ ‘ಮತ ಬದಲಿಸಿ, ಇಲ್ಲವೇ ಊರು ಬಿಡಿ’ ಎಂದ. ಆಗ ಮನೆಮಾರು ಬಿಟ್ಟು ಹೋದವರಲ್ಲಿ ವ್ಯಾಪಾರಿ ಕುಟುಂಬಗಳೂ ಇದ್ದವು, ಅಂದರೆ ಅವಳು ಬೆಳೆದ ಮನೆಯಂಥವೇ. ಚರ್ಚಿನ ನಿಯಮವನ್ನು ಊರಿನ ಮೇಲೆ ಅಷ್ಟು ಬಿಗಿಯಾಗಿ ಹೇರಿದವನು ತನ್ನ ಮನೆಯೊಳಗೆ ಅದನ್ನು ಬದಿಗಿಟ್ಟಿದ್ದ. ಚಕ್ರವರ್ತಿ ಎರಡನೇ ರುಡಾಲ್ಫ್ ಅವಳಿಗೂ ಮಕ್ಕಳಿಗೂ ಕುಲೀನ ಪದವಿ ಕೊಟ್ಟ. ಎರಡೇ ವರ್ಷದಲ್ಲಿ ಎಲ್ಲ ಕುಸಿಯಿತು. ವೋಲ್ಫ್ ಡೀಟ್ರಿಶ್ ಐದು ವರ್ಷಕ್ಕೂ ಜಾಸ್ತಿ ಸೆರೆಯಲ್ಲಿದ್ದ. ಅವನ ಜಾಗಕ್ಕೆ ಬಂದವನು ಅವನದೇ ತಾಯಿಯ ಕಡೆಯ ನೆಂಟ ಮಾರ್ಕುಸ್ ಸಿಟ್ಟಿಕುಸ್. ಅವನೂ ಬಿಡಿಸಲಿಲ್ಲ. ಸಲೋಮೆ ವೆಲ್ಸ್ ಎಂಬ ಊರಿನಲ್ಲಿ ಉಳಿದಳು. ವೋಲ್ಫ್ ಡೀಟ್ರಿಶ್ ಸತ್ತ ಮೇಲೆ ಹದಿನಾರು ವರ್ಷ ಬದುಕಿ 1633ರಲ್ಲಿ ಅಲ್ಲೇ ತೀರಿಕೊಂಡಳು.

ವೆಲ್ಸ್‌ಗೂ ಹೋಗಿಬಂದೆ ಎಂದು ನಿಮ್ಮ ಪತ್ರದಲ್ಲಿ ಬರೆದಿದ್ದೀರಿ, ಲೇಖನದಲ್ಲಿ ಮಾತ್ರ ಆ ಊರಿಲ್ಲ. ಅಲ್ಲಿ ಕಂಡದ್ದನ್ನು ಬರೆಯಿರಿ. ಹದಿನಾಲ್ಕು ಪುಟ ಎಂಟಾಗಲಿ, ಅದರಲ್ಲಿ ಒಂದು ಪುಟ ಸಲೋಮೆಗೆ ಇರಲಿ. ಬೇಗ ಕಳಿಸಬೇಕು ಎಂದೇನಿಲ್ಲ. ಬಂದ ದಿನವೇ ಓದುತ್ತೇನೆ.