ಹಳೆಯ ಹವಾಮಾನ ಮಾಡೆಲ್ ಫೈಲುಗಳಲ್ಲಿ 0 ಗಂಟೆಯದನ್ನು ಅಳತೆ ಎಂದುಕೊಳ್ಳಬಹುದೇ?

ಉತ್ತರ ಅಮೆರಿಕದ ಒಂದು ಜಾಗದ ಹತ್ತು ವರ್ಷದ ಗಾಳಿ, ಮಳೆ ಬೇಕು ಎಂದಿದ್ದೀರಿ. ನ್ಯಾಮ್ (NAM) ಎಂಬ ಅಮೆರಿಕದ ಹವಾಮಾನ ಮುನ್ಸೂಚನೆ ಮಾಡೆಲ್‌ನ ಆರ್ಕೈವ್‌ನಲ್ಲಿ ಪ್ರತಿ ರನ್‌ಗೆ (ಮಾಡೆಲ್ ಒಂದು ಸಲ ಓಡಿದರೆ ಒಂದು ರನ್), ಅದು ಶುರುವಾದ ಕ್ಷಣದಿಂದ ಎಣಿಸಿ, 0, 1, 2, 3, 6 ಗಂಟೆಯ ಫೈಲುಗಳು ಸಿಕ್ಕಿವೆ. 0 ಗಂಟೆಯದನ್ನೇ ಅಳತೆಯಾದ ಹವಾಮಾನ ಎಂದು ಹಿಡಿಯಬಹುದೇ, ಅದರಿಂದಲೇ ಗಾಳಿ ವಿದ್ಯುತ್ ಮುನ್ಸೂಚನೆಯ ಪ್ರೋಗ್ರಾಂಗೆ ತರಬೇತಿ ಕೊಡಬಹುದೇ ಎನ್ನುವುದು ನಿಮ್ಮ ಪ್ರಶ್ನೆ. ಇಂಥ ಫೈಲುಗಳ ಜೊತೆಗೇ ನನ್ನ ಕೆಲಸ, ಆದ್ದರಿಂದ ಮೊದಲು ನೇರ ಉತ್ತರ: ನಡೆದುಹೋದ ಗಾಳಿಯನ್ನು ತಿಳಿಯಲು 0 ಗಂಟೆಯದು ಸಾಕು. ಮಳೆಗೆ ಅದು ಉಪಯೋಗಕ್ಕೆ ಬರುವುದೇ ಇಲ್ಲ. ತರಬೇತಿಗೆ ಅದನ್ನು ದಯವಿಟ್ಟು ಬಳಸಬೇಡಿ.

0 ಗಂಟೆಯ ಫೈಲನ್ನು ಅನಾಲಿಸಿಸ್ ಅನ್ನುತ್ತಾರೆ. ಹಿಂದಿನ ರನ್ ಕೊಟ್ಟ ಅಲ್ಪಾವಧಿ ಮುನ್ಸೂಚನೆಯನ್ನು ಮೊದಲ ಅಂದಾಜಾಗಿ ಇಟ್ಟುಕೊಂಡು, ಬಲೂನು, ವಿಮಾನ, ನೆಲದ ಕೇಂದ್ರ, ಉಪಗ್ರಹಗಳಿಂದ ಬಂದ ಅಳತೆಗಳ ಕಡೆಗೆ ಅದನ್ನು ಸ್ವಲ್ಪ ಸ್ವಲ್ಪ ಎಳೆದು ತಿದ್ದಿದ್ದೇ ಈ ಅನಾಲಿಸಿಸ್. ಎಷ್ಟು ಎಳೆಯಬೇಕು ಎನ್ನುವುದು ಅಂದಾಜಿನ ದೋಷ ಎಷ್ಟು, ಅಳತೆಯ ದೋಷ ಎಷ್ಟು ಎನ್ನುವ ಲೆಕ್ಕದ ಮೇಲೆ ನಿಂತಿದೆ. ಹಾಗಾಗಿ ಸುತ್ತಮುತ್ತ ಕೇಂದ್ರಗಳು ದಟ್ಟವಾಗಿದ್ದರೆ ಅದು ವಾಸ್ತವಕ್ಕೆ ಬಹಳ ಹತ್ತಿರ. ಬೆಟ್ಟಗಾಡು, ಸಮುದ್ರದಂಥ ಕಡೆ ನೀವು ನೋಡುತ್ತಿರುವುದು ಬಹುಮಟ್ಟಿಗೆ ಮಾಡೆಲ್ ತಾನೇ ಮೊದಲು ಹೇಳಿದ್ದನ್ನು. ಇನ್ನೊಂದು ವಿಷಯ: ಅನಾಲಿಸಿಸ್ ಗಾಳಿ ಆ ಕ್ಷಣದ್ದು, ಗಂಟೆಯ ಸರಾಸರಿ ಅಲ್ಲ. ಅದೂ ಮಾಡೆಲ್ ನೆಲವನ್ನು ಹಂಚಿಕೊಂಡಿರುವ ಗ್ರಿಡ್‌ನ ಒಂದು ಚೌಕದಷ್ಟು ಅಗಲಕ್ಕೆ ಹರಡಿದ್ದು. ನ್ಯಾಮ್‌ನಲ್ಲಿ ಆ ಚೌಕ 12 ಕಿ.ಮೀ.

ಮಳೆಯ ವಿಷಯ ಬೇರೆಯೇ. ಮಳೆ ಒಂದು ಅವಧಿಯಲ್ಲಿ ಸುರಿದು ಸೇರುವಂಥದ್ದು. 0 ಗಂಟೆಯಲ್ಲಿ ಅವಧಿಯೇ ಇನ್ನೂ ಶುರುವಾಗಿಲ್ಲ. ಆದ್ದರಿಂದ ಮಳೆಯನ್ನು ಮುನ್ಸೂಚನೆಯ ಫೈಲುಗಳಿಂದಲೇ ತೆಗೆಯಬೇಕು. ಅದರಲ್ಲೂ ಮೊದಲ ಒಂದೆರಡು ಗಂಟೆಯ ಮಳೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಆಗತಾನೇ ತಿದ್ದಿದ ತೇವಾಂಶ, ಗಾಳಿ, ಮೋಡಗಳು ಒಂದಕ್ಕೊಂದು ಹೊಂದಿಕೊಳ್ಳಲು ಮಾಡೆಲ್‌ಗೆ ಸಮಯ ಬೇಕು. ಅಷ್ಟರಲ್ಲಿ ಬರುವ ಮಳೆ ಕಡಿಮೆಯೋ ಹೆಚ್ಚೋ ಆಗಿಬಿಡುತ್ತದೆ. ನ್ಯಾಮ್ ದಿನಕ್ಕೆ ನಾಲ್ಕು ಸಲ, ಅಂದರೆ 00, 06, 12, 18 ಯುಟಿಸಿಗೆ (ಜಾಗತಿಕ ಪ್ರಮಾಣ ಸಮಯ) ಓಡುವುದರಿಂದ, ಪ್ರತಿ ರನ್‌ನ ಮೊದಲ ಆರು ಗಂಟೆಯ ಮಳೆಯನ್ನು ಸಾಲಾಗಿ ಜೋಡಿಸಿದರೆ ಇಡೀ ದಿನ ತುಂಬುತ್ತದೆ. ಆದರೆ ಜೋಡಿಸುವ ಮುನ್ನ ಒಂದು ಕೆಲಸ ತಪ್ಪಿಸಬೇಡಿ. 6ನೇ ಗಂಟೆಯ ಫೈಲಿನಲ್ಲಿರುವ ಮಳೆ 0ಯಿಂದ 6ರವರೆಗಿನದೋ, 3ರಿಂದ 6ರವರೆಗಿನದೋ ಎಂದು ಗ್ರಿಬ್ (ಈ ಹವಾಮಾನ ಫೈಲುಗಳ ನಮೂನೆ) ದಾಖಲೆಯಲ್ಲೇ ಬರೆದಿರುತ್ತದೆ, ಅದನ್ನು ಓದಿ. ಅದನ್ನು ನೋಡದೆ 6ರಿಂದ 3ನ್ನು ಕಳೆಯುತ್ತ ಹೋದರೆ ಕೆಲವು ದಿನ ಸೊನ್ನೆಗಿಂತ ಕಡಿಮೆ ಮಳೆ ಬರುತ್ತದೆ.

ಇನ್ನು ತರಬೇತಿ. ಇದನ್ನು ಸ್ವಲ್ಪ ಒತ್ತಿ ಹೇಳಬೇಕು, ಏಕೆಂದರೆ ಇಲ್ಲಿ ಆಗುವ ಹಾನಿ ಪರೀಕ್ಷೆಯಲ್ಲಿ ಕಾಣುವುದಿಲ್ಲ. ನಾಳೆ ಮಧ್ಯಾಹ್ನದ ವಿದ್ಯುತ್ತನ್ನು ಇಂದು ಹೇಳಬೇಕಾದಾಗ ನಾಳೆ ಮಧ್ಯಾಹ್ನದ ಅನಾಲಿಸಿಸ್ ನಿಮ್ಮ ಕೈಯಲ್ಲಿ ಇರುವುದಿಲ್ಲ. ಇರುವುದು ಇಂದಿನ ರನ್ ನಾಳೆಯ ಬಗ್ಗೆ ಹೇಳಿದ್ದು ಮಾತ್ರ, ಅದರ ಎಲ್ಲ ತಪ್ಪುಗಳ ಸಮೇತ. ಅನಾಲಿಸಿಸ್ ಮೇಲೆ ಕಲಿತ ಪ್ರೋಗ್ರಾಂ ಗಾಳಿಯ ಅಂಕಿಯನ್ನು ಅತಿಯಾಗಿ ನಂಬಲು ಕಲಿಯುತ್ತದೆ. ಹಳೆಯ ದಿನಗಳ ಮೇಲೆ ಪರೀಕ್ಷಿಸಿದಾಗ ಫಲಿತಾಂಶ ಬಹಳ ಚೆನ್ನಾಗಿ ಕಾಣುತ್ತದೆ, ನಿಜವಾದ ಬಳಕೆಗೆ ಇಳಿಸಿದ ದಿನ ಕುಸಿಯುತ್ತದೆ. 24 ಗಂಟೆ ಮುಂಚೆ ಹೇಳಬೇಕಿದ್ದರೆ 24 ಗಂಟೆಯ ಮುನ್ಸೂಚನೆಯ ಮೇಲೆಯೇ ಕಲಿಸಿ. ರನ್ ಶುರುವಾದ ಮೇಲೆ ಫೈಲ್ ಕೈಗೆ ಬರಲು ತಗಲುವ ಒಂದೆರಡು ಗಂಟೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಳೆಯ ಮುನ್ಸೂಚನೆಗಳನ್ನು ಅಳಿಸದೆ ಕಾಪಾಡಿಟ್ಟಿರುವ ಸಂಗ್ರಹಗಳನ್ನು ನಾನು ಇಷ್ಟು ಗೌರವಿಸುವುದು ಇದಕ್ಕಾಗಿಯೇ: ನಡೆದ ಹವಾಮಾನವನ್ನು ನಂತರ ಮತ್ತೆ ಕಟ್ಟಿಕೊಳ್ಳಲು ಹಲವು ದಾರಿಗಳಿವೆ, ಅಂದು ಏನು ಹೇಳಲಾಗಿತ್ತು ಎನ್ನುವುದನ್ನು ಕಟ್ಟಿಕೊಳ್ಳಲು ದಾರಿಯಿಲ್ಲ.

ನಿಮಗೆ ಸಿಕ್ಕ ನ್ಯಾಮ್ ಸಂಗ್ರಹ 6 ಗಂಟೆಗೇ ನಿಲ್ಲುವುದರಿಂದ ಈ ಕೆಲಸಕ್ಕೆ ಸಾಲದು. ಎಚ್‌ಆರ್‌ಆರ್‌ಆರ್ (HRRR) ಎಂಬ ಇನ್ನೊಂದು ಅಮೆರಿಕದ ಮಾಡೆಲ್ ಕಡೆ ನೋಡಿ. 3 ಕಿ.ಮೀ. ಗ್ರಿಡ್, ಪ್ರತಿ ಗಂಟೆಗೂ ಹೊಸ ರನ್, 10 ಮೀಟರ್ ಜೊತೆಗೆ 80 ಮೀಟರ್ ಎತ್ತರದ ಗಾಳಿಯೂ ಇದೆ, ಅದು ಗಾಳಿಯಂತ್ರದವರಿಗೆ ನಿಜಕ್ಕೂ ಬೇಕಾದದ್ದು. ಅಮೆಜಾನ್, ಗೂಗಲ್ ಕ್ಲೌಡ್‌ಗಳಲ್ಲಿ ಉಚಿತವಾಗಿ ಸಿಗುತ್ತದೆ. 2020ರ ಡಿಸೆಂಬರ್‌ನಿಂದ ದಿನದ ನಾಲ್ಕು ಮುಖ್ಯ ರನ್‌ಗಳು 48 ಗಂಟೆವರೆಗೆ ಹೋಗುತ್ತವೆ, ಉಳಿದವು 18 ಗಂಟೆ. ಇಡೀ ಫೈಲ್ ಇಳಿಸಬೇಡಿ; ಪ್ರತಿ ಫೈಲಿನ ಪಕ್ಕದ ಇಂಡೆಕ್ಸ್ ನೋಡಿ ಬೇಕಾದ ತುಣುಕನ್ನು ಮಾತ್ರ ತರಬಹುದು. ಪೈಥಾನ್‌ನಲ್ಲಿ ಹರ್ಬಿ ಎಂಬ ಲೈಬ್ರರಿ ಈ ಕೆಲಸವನ್ನು ಸೊಗಸಾಗಿ ಮಾಡುತ್ತದೆ.

ಗಾಳಿಯ ದಿಕ್ಕು ಬೇಕಿದ್ದರೆ ಇನ್ನೊಂದು ಎಚ್ಚರ. ಈ ಮಾಡೆಲ್‌ಗಳ ಯು, ವಿ ಅಂಕಿಗಳು (ಗಾಳಿಯ ಅಡ್ಡ, ಉದ್ದ ಭಾಗಗಳು) ಪೂರ್ವ, ಉತ್ತರಕ್ಕಲ್ಲ, ಲ್ಯಾಂಬರ್ಟ್ ವಿಧಾನದಲ್ಲಿ ಚಪ್ಪಟೆ ಮಾಡಿದ ನಕ್ಷೆಯ ಗ್ರಿಡ್ ಗೆರೆಗಳಿಗೆ ಹೊಂದಿಕೊಂಡಿವೆ. ವೇಗಕ್ಕೆ ಇದರಿಂದ ತೊಂದರೆಯಿಲ್ಲ. ದಿಕ್ಕು ಮಾತ್ರ ನಕ್ಷೆಯ ಮಧ್ಯರೇಖೆಯಿಂದ ದೂರ ಹೋದಷ್ಟೂ ತಿರುಗುತ್ತದೆ. ಎಚ್‌ಆರ್‌ಆರ್‌ಆರ್‌ನಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಹತ್ತಿರ ವ್ಯತ್ಯಾಸ ಸುಮಾರು 15 ಡಿಗ್ರಿ.

ಹತ್ತು ವರ್ಷ ಎಂದಿದ್ದೀರಲ್ಲ, ಅಷ್ಟರಲ್ಲಿ ಮಾಡೆಲ್ ಒಂದೇ ಆಗಿ ಉಳಿದಿರುವುದಿಲ್ಲ. ನ್ಯಾಮ್ ಹೆಸರಿನಡಿಯಲ್ಲೇ 2006ರಲ್ಲಿ, ಮತ್ತೆ 2011ರಲ್ಲಿ ಒಳಗಿನ ಮಾಡೆಲ್ ಪೂರ್ತಿ ಬದಲಾಗಿದೆ. ರ್‍ಯಾಪಿಡ್ ಅಪ್‌ಡೇಟ್ ಸೈಕಲ್ ಎಂಬ ಇನ್ನೊಂದು ಮಾಡೆಲ್ ಜಾಗಕ್ಕೆ 2012ರ ಮೇನಲ್ಲಿ ರ್‍ಯಾಪ್ (RAP) ಎಂಬ ಹೊಸದು ಬಂತು. ಎಚ್‌ಆರ್‌ಆರ್‌ಆರ್ ಅಧಿಕೃತವಾಗಿ ಓಡತೊಡಗಿದ್ದು 2014ರ ಸೆಪ್ಟೆಂಬರ್ ಕೊನೆಗೆ, ಆಮೇಲೂ ಹಲವು ಆವೃತ್ತಿಗಳಾಗಿವೆ. ಸರಾಸರಿ ಗಾಳಿ ಒಂದು ವರ್ಷ ಏಕಾಏಕಿ ಜಿಗಿದರೆ ಬದಲಾದದ್ದು ಹವೆಯಲ್ಲ, ಪ್ರೋಗ್ರಾಂ ಇರಬಹುದು. ದೀರ್ಘಕಾಲದ ಏರಿಳಿತ ನೋಡುವುದಿದ್ದರೆ ಒಂದೇ ಮಾಡೆಲ್ ಇಟ್ಟುಕೊಂಡು ಹಳೆಯ ದಿನಗಳನ್ನೆಲ್ಲ ಮತ್ತೆ ಲೆಕ್ಕಹಾಕಿದ ರೀಅನಾಲಿಸಿಸ್ ತೆಗೆದುಕೊಳ್ಳಿ. ಉತ್ತರ ಅಮೆರಿಕಕ್ಕೆ ನಾರ್ (NARR) ಎಂಬ ರೀಅನಾಲಿಸಿಸ್ ಇದೆ: 1979ರಿಂದ, 32 ಕಿ.ಮೀ., 3 ಗಂಟೆಗೊಮ್ಮೆ. ಅಳೆದ ಮಳೆಯನ್ನೂ ಅದರೊಳಗೆ ಸೇರಿಸಿರುವುದರಿಂದ ಮಳೆಗೆ ಅದು ವಿಶೇಷವಾಗಿ ಉಪಯುಕ್ತ.

ಎಲ್ಲವನ್ನೂ ಇಳಿಸಿಕೊಳ್ಳುವ ಮೊದಲು ಪ್ರತಿ ಆವೃತ್ತಿಯಿಂದ ಬೇಸಿಗೆಯ ಒಂದು ತಿಂಗಳು, ಚಳಿಗಾಲದ ಒಂದು ತಿಂಗಳು ಮಾತ್ರ ತಂದು, ಹತ್ತಿರದ ವಿಮಾನ ನಿಲ್ದಾಣದ ದಾಖಲೆಯ ಜೊತೆ ಹೋಲಿಸಿ ನೋಡಿ. ಫೈಲಿನ ಹೆಸರಿನಲ್ಲಿರುವುದು ರನ್ ಶುರುವಾದ ಗಂಟೆ. ಅದಕ್ಕೆ ಮುನ್ಸೂಚನೆಯ ಗಂಟೆ ಕೂಡಿಸಿ, ಯುಟಿಸಿಯಲ್ಲೇ ಹೊಂದಿಸಿ. ದಿನದ ಏರಿಳಿತ ಕೆಲವು ಗಂಟೆ ಆಚೀಚೆ ಸರಿದಂತೆ ಕಂಡರೆ ಮೊದಲು ಹುಡುಕಬೇಕಾದದ್ದು ಅಲ್ಲಿಯೇ.